ಕವರ್ ಸಾಂಗ್ ಹಾಡುವ ಮುನ್ನ: ಯಾರನ್ನು ಕೇಳಬೇಕು, ಏನೆಂದು ಕೇಳಬೇಕು

ಯೂಟ್ಯೂಬ್‌ನಲ್ಲಿ ಕನ್ನಡ ಕವರ್ ಹಾಡುಗಳ, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡಿ ಹಾಕಿದ ವಿಡಿಯೊಗಳ ಕೆಳಗೆ ಒಂದು ಸಾಲು ಪದೇ ಪದೇ ಕಾಣುತ್ತದೆ: 'ಈ ಹಾಡಿನ ಎಲ್ಲ ಹಕ್ಕುಗಳೂ ಮೂಲ ಮಾಲೀಕರಿಗೆ ಸೇರಿದ್ದು, ಕಾಪಿರೈಟ್ ಉಲ್ಲಂಘಿಸುವ ಉದ್ದೇಶ ನಮಗಿಲ್ಲ.' ಬರೆದವರ ಮನಸ್ಸು ಒಳ್ಳೆಯದೇ. ಆದರೆ ಆ ಸಾಲು ಅನುಮತಿಯ ಜಾಗದಲ್ಲಿ ನಿಲ್ಲುವುದಿಲ್ಲ. ಹಕ್ಕು ಬೇರೆಯವರದ್ದು ಅಂತ ಗೊತ್ತಿತ್ತು, ಆದರೂ ಕೇಳಲಿಲ್ಲ ಎಂದು ನಾವೇ ಬರೆದುಕೊಟ್ಟಂತೆ ಆಗುತ್ತದೆ.

ಕೇಳೋಣ ಅಂದರೆ ಯಾರನ್ನು ಕೇಳುವುದು? ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಅದಕ್ಕೆ ಉತ್ತರ ಹುಡುಕುವ ದಾರಿ ಕೆಳಗಿದೆ. ಇದು ಭಾರತದ ಕಾನೂನಿನ ಮಾತು. ದೊಡ್ಡ ಮೊತ್ತದ ಆಲ್ಬಂ ಅಥವಾ ಸಿನಿಮಾಕ್ಕೆ ಕೈ ಹಾಕುತ್ತಿದ್ದರೆ ಮಾತ್ರ ಒಬ್ಬ ವಕೀಲರನ್ನು ಕೂರಿಸಿಕೊಂಡೇ ಮುಂದುವರಿಯಿರಿ.

ಹೆಜ್ಜೆ 1: ಹಾಡನ್ನು ಬಿಡಿಸಿ ನೋಡಿ

ನಮ್ಮ ಕಿವಿಗೆ ಹಾಡು ಒಂದೇ. 1957ರ ಕಾಪಿರೈಟ್ ಕಾಯ್ದೆಗೆ ಅದು ಮೂರು. ಸಾಹಿತ್ಯ ಒಂದು, ಧಾಟಿ ಅಂದರೆ ಟ್ಯೂನ್ ಇನ್ನೊಂದು, ಸ್ಟುಡಿಯೊದಲ್ಲಿ ಮಾಡಿದ ರೆಕಾರ್ಡಿಂಗ್ ಮತ್ತೊಂದು. ಮೂರಕ್ಕೂ ಬೇರೆ ಬೇರೆ ಮಾಲೀಕರು ಇರಬಹುದು, ಬೇರೆ ಬೇರೆ ಅವಧಿ ಇರಬಹುದು.

ನಾಡಗೀತೆಯನ್ನೇ ನೋಡಿ. ಸಾಹಿತ್ಯ ಕುವೆಂಪು ಅವರದ್ದು. ಅದಕ್ಕೆ ಮೈಸೂರು ಅನಂತಸ್ವಾಮಿ ಹಾಕಿದ ಧಾಟಿ ಒಂದು, ಸಿ. ಅಶ್ವಥ್ ಹಾಕಿದ್ದು ಇನ್ನೊಂದು. ಯಾವುದನ್ನು ಹಾಡಬೇಕು ಎಂದು ವರ್ಷಗಟ್ಟಲೆ ಚರ್ಚೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿತು. ಅದೇ ಮಾತುಗಳು, ಎರಡು ಧಾಟಿ, ಅವುಗಳ ಎಷ್ಟೋ ರೆಕಾರ್ಡಿಂಗ್‌ಗಳು. ಯಾವುದನ್ನು ಬಳಸುತ್ತೀರಿ ಎಂಬುದರ ಮೇಲೆ ಯಾರನ್ನು ಕೇಳಬೇಕು ಎನ್ನುವುದು ಬದಲಾಗುತ್ತದೆ.

ನೀವೇ ಹಾಡಿ, ನಿಮ್ಮದೇ ಗಿಟಾರ್, ಕೀಬೋರ್ಡ್, ತಬಲಾ ಇಟ್ಟುಕೊಂಡು ಹೊಸದಾಗಿ ರೆಕಾರ್ಡ್ ಮಾಡಿದರೆ ಮೂರನೆಯ ಹಕ್ಕನ್ನು ನೀವು ಮುಟ್ಟಿದಂತೆ ಆಗುವುದಿಲ್ಲ. ಆಗ ಬೇಕಾಗುವುದು ಸಾಹಿತ್ಯ ಮತ್ತು ಧಾಟಿಗೆ ಅನುಮತಿ. ಆದರೆ ಇಂಟರ್ನೆಟ್‌ನಲ್ಲಿ ಸಿಕ್ಕ ಕರೋಕೆ ಟ್ರ್ಯಾಕ್ ಮೇಲೆ ಹಾಡಿದರೆ ಲೆಕ್ಕ ಬೇರೆ. ಆ ಟ್ರ್ಯಾಕ್ ಕೂಡ ಒಂದು ರೆಕಾರ್ಡಿಂಗ್. ಮೂಲ ಹಾಡಿನಿಂದ ದನಿಯನ್ನು ಸಾಫ್ಟ್‌ವೇರ್‌ನಲ್ಲಿ ತೆಗೆದು ಮಾಡಿದ ಟ್ರ್ಯಾಕ್ ಆಗಿದ್ದರೆ ಅದು ಆಡಿಯೊ ಕಂಪನಿಯ ರೆಕಾರ್ಡಿಂಗೇ. ಯಾರೋ ಕೀಬೋರ್ಡ್ ವಾದಕರು ಹೊಸದಾಗಿ ನುಡಿಸಿ ಮಾಡಿದ್ದರೆ ಅದರ ಹಕ್ಕು ಅವರದ್ದು. ದುಡ್ಡು ಕೊಟ್ಟು ಟ್ರ್ಯಾಕ್ ಕೊಂಡಿದ್ದರೂ ಬಿಲ್ ಜೊತೆ ಬಂದ ಷರತ್ತು ಓದಿ. ಮನೆಯಲ್ಲಿ, ವೇದಿಕೆಯಲ್ಲಿ ಹಾಡಲು ಮಾತ್ರ ಅಂತ ಇದ್ದರೆ ಅದನ್ನು ಯೂಟ್ಯೂಬ್‌ಗೆ ಹಾಕುವಂತಿಲ್ಲ.

ಸಿನಿಮಾ ಹಾಡಾದರೆ ಮಾಲೀಕರು ಯಾರು? ಸಾಮಾನ್ಯವಾಗಿ ಸಾಹಿತ್ಯ, ಧಾಟಿ, ರೆಕಾರ್ಡಿಂಗ್ ಮೂರೂ ನಿರ್ಮಾಪಕರ ಮೂಲಕ ಆಡಿಯೊ ಕಂಪನಿಯ ಕೈ ಸೇರಿರುತ್ತವೆ. ಚಿತ್ರಕ್ಕಾಗಿ ದುಡ್ಡು ಕೊಟ್ಟು ಮಾಡಿಸಿದ ಹಾಡಿನ ಮೊದಲ ಮಾಲೀಕ ನಿರ್ಮಾಪಕ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿತ್ತು. ಬರೆದವರಿಗೂ ಸಂಗೀತ ಕೊಟ್ಟವರಿಗೂ ಒಂದೇ ಸಲ ಸಂಭಾವನೆ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ಹೀಗೇ ಬೆಳೆಯಿತು. 2012ರ ತಿದ್ದುಪಡಿ ಇದನ್ನು ಸ್ವಲ್ಪ ಸರಿಮಾಡಿತು. ಹಾಡು ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಬರುವುದನ್ನು ಬಿಟ್ಟು ಬೇರೆಲ್ಲೇ ಬಳಕೆಯಾದರೂ ಬರುವ ರಾಯಲ್ಟಿಯಲ್ಲಿ ಕವಿಗೂ ಸಂಗೀತ ನಿರ್ದೇಶಕರಿಗೂ ಸಮಪಾಲು ಇದೆ. ಆ ಪಾಲನ್ನು ಬರೆದುಕೊಡು ಅಂದರೂ ಬರೆದುಕೊಡಲು ಬರುವುದಿಲ್ಲ. ನಾವು ಸರಿಯಾದ ದಾರಿಯಲ್ಲಿ ಅನುಮತಿ ಪಡೆದಾಗ ಆ ಹಣದ ಒಂದು ಪಾಲು ಹಾಡು ಬರೆದವರ ಮನೆಗೂ ಹೋಗಬೇಕು ಎಂಬುದು ಕಾನೂನಿನ ಆಶಯ. ಈ ಓಡಾಟಕ್ಕೆಲ್ಲ ಅರ್ಥ ಬರುವುದು ಅದರಿಂದಲೇ ಅಂತ ನನ್ನ ನಂಬಿಕೆ.

ಲೇಬಲ್, ಅಂದರೆ ಆಡಿಯೊ ಕಂಪನಿ, ಯಾವುದು ಅಂತ ತಿಳಿಯಲು ಯೂಟ್ಯೂಬ್‌ನಲ್ಲಿ ಮೂಲ ಹಾಡಿನ ವಿವರ ತೆರೆಯಿರಿ, ಅಥವಾ ಸ್ಪಾಟಿಫೈನಲ್ಲಿ ಕ್ರೆಡಿಟ್ಸ್ ನೋಡಿ. ಹಳೆಯ ಎಚ್‌ಎಂವಿ ರೆಕಾರ್ಡ್ ಆಗಿದ್ದರೆ ಇವತ್ತು ಅದು ಸರೆಗಮ.

ಹೆಜ್ಜೆ 2: ಹಕ್ಕು ಇನ್ನೂ ಇದೆಯಾ ನೋಡಿ

ಸಾಹಿತ್ಯಕ್ಕೂ ಧಾಟಿಗೂ ಹಕ್ಕು ಇರುವುದು ಕರ್ತೃವಿನ ಜೀವಿತಾವಧಿ ಮತ್ತು ಅವರು ತೀರಿಕೊಂಡ ವರ್ಷದ ನಂತರ 60 ವರ್ಷ. ರೆಕಾರ್ಡಿಂಗ್‌ಗೆ, ಅದು ಹೊರಬಂದ ವರ್ಷದ ನಂತರ 60 ವರ್ಷ. ಲೆಕ್ಕ ಯಾವಾಗಲೂ ಡಿಸೆಂಬರ್ 31ಕ್ಕೆ ಮುಗಿಯುತ್ತದೆ.

ಮಂಜೇಶ್ವರದ ಗೋವಿಂದ ಪೈ 1963ರಲ್ಲಿ ತೀರಿಕೊಂಡರು. ಅವರ ಕವಿತೆಗಳು 2024ರ ಜನವರಿ 1ರಿಂದ ಎಲ್ಲರಿಗೂ ಮುಕ್ತ. ಬಿಎಂಶ್ರೀ ಅವರದ್ದು ಅದಕ್ಕೂ ಎಷ್ಟೋ ಮೊದಲೇ ಮುಕ್ತವಾಗಿವೆ. ಡಿವಿಜಿ 1975ರಲ್ಲಿ ಹೋದವರು, ಹಾಗಾಗಿ ಕಗ್ಗಕ್ಕೆ 2035ರ ಕೊನೆಯವರೆಗೂ ಹಕ್ಕಿದೆ. ಬೇಂದ್ರೆಯವರ ಪದ್ಯಗಳಿಗೆ 2041, ಕುವೆಂಪು ಅವರಿಗೆ 2054, ಕೆ.ಎಸ್. ನರಸಿಂಹಸ್ವಾಮಿಯವರಿಗೆ 2063. ಇವನ್ನು ಹೊಸ ಧಾಟಿ ಹಾಕಿ ರೆಕಾರ್ಡ್ ಮಾಡುವುದಾದರೂ ಕವಿಯ ವಾರಸುದಾರರನ್ನು ಕೇಳಬೇಕು. ಅವರು ಗೊತ್ತಿಲ್ಲದಿದ್ದರೆ ಪುಸ್ತಕದ ಪ್ರಕಾಶಕರಿಂದ ವಿಚಾರಿಸಲು ಶುರುಮಾಡಿ. 'ಎಲ್ಲರೂ ಹಾಡ್ತಾರಲ್ಲ' ಎನ್ನುವುದು ಅನುಮತಿಯಲ್ಲ.

ಜಂಟಿಯಾಗಿ ಮಾಡಿದ ಕೆಲಸಕ್ಕೆ ಕೊನೆಗೆ ತೀರಿಕೊಂಡವರ ವರ್ಷವೇ ಲೆಕ್ಕ. ರಾಜನ್–ನಾಗೇಂದ್ರ ಜೋಡಿಯಲ್ಲಿ ನಾಗೇಂದ್ರ 2000ದಲ್ಲಿ ಹೋದರು, ರಾಜನ್ 2020ರಲ್ಲಿ. ಹಾಗಾಗಿ ಅವರಿಬ್ಬರೂ ಸೇರಿ ಹಾಕಿದ ಧಾಟಿಗಳ ಹಕ್ಕು 2080ರವರೆಗೆ ಇದೆ. ಅದೇ ಹಾಡಿಗೆ ಚಿ. ಉದಯಶಂಕರ್ ಸಾಹಿತ್ಯ ಇದ್ದರೆ, ಅದರದ್ದು 2053ಕ್ಕೆ ಮುಗಿಯುತ್ತದೆ.

ಎಲ್ಲರೂ ಎಡವುವ ಜಾಗ ಒಂದಿದೆ. ಅದನ್ನು ನಿಧಾನವಾಗಿ ನೋಡೋಣ. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ಪದಗಳಿಗೆ ಯಾರ ಹಕ್ಕೂ ಇಲ್ಲ. ನೀವು ಹಾಡಬಹುದು, ರೆಕಾರ್ಡ್ ಮಾಡಬಹುದು, ಮಾರಬಹುದು. ಆದರೆ ಈಗ ಕಣ್ಣು ಮುಚ್ಚಿ ಒಂದು ಶರೀಫರ ಪದವನ್ನು ಗುನುಗಿ ನೋಡಿ. ನಿಮ್ಮ ಬಾಯಿಗೆ ಬಂದ ಧಾಟಿ ಯಾರದ್ದು? ಬಹಳಷ್ಟು ಮಂದಿಗೆ ಅದು ಸಿ. ಅಶ್ವಥ್ ಕೂರಿಸಿದ ಧಾಟಿಯೇ ಆಗಿರುತ್ತದೆ. ಅಶ್ವಥ್ 2009ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರು ಕಟ್ಟಿದ ಧಾಟಿಗೆ 2069ರ ಕೊನೆಯವರೆಗೆ ಹಕ್ಕಿದೆ. ಮಾತು ಮುಕ್ತ, ಧಾಟಿ ಮುಕ್ತವಲ್ಲ. ಊರಿನ ಭಜನಾ ಮಂಡಳಿಯವರು ತಲೆಮಾರುಗಳಿಂದ ಹಾಡಿಕೊಂಡು ಬಂದ ಧಾಟಿಯಲ್ಲಿ ಹಾಡಿದರೆ, ಇಲ್ಲವೇ ನೀವೇ ಹೊಸದು ಹಾಕಿದರೆ ಯಾರನ್ನೂ ಕೇಳಬೇಕಿಲ್ಲ. ಇನ್ನೂ ಒಳ್ಳೆಯ ಸುದ್ದಿ ಅಂದರೆ ಆ ಹೊಸ ಧಾಟಿಯ ಹಕ್ಕು ನಿಮ್ಮದೇ ಆಗುತ್ತದೆ.

ದಾಸರ ಪದ, ವಚನ, ಜನಪದ ಗೀತೆ ಎಲ್ಲಕ್ಕೂ ಇದೇ ಮಾತು. ಪುರಂದರದಾಸರು ಬರೆದಿದ್ದು 16ನೇ ಶತಮಾನದಲ್ಲಿ. ಆದರೆ ನಾವು ಕ್ಯಾಸೆಟ್‌ನಲ್ಲಿ ಕೇಳಿ ಕಲಿತ ಎಷ್ಟೋ ಧಾಟಿಗಳು ಕಳೆದ ಶತಮಾನದ ವಿದ್ವಾಂಸರು ಹಾಕಿದವು. ಕ್ಯಾಸೆಟ್ ಅಥವಾ ಸಿಡಿ ಕವರ್ ಮೇಲೆ 'ರಾಗ ಸಂಯೋಜನೆ' ಅಂತ ಯಾರ ಹೆಸರಿದೆ ನೋಡಿ.

ಹೆಜ್ಜೆ 3: ಹಾಡನ್ನು ಏನು ಮಾಡುತ್ತೀರಿ, ತೀರ್ಮಾನಿಸಿ

ವೇದಿಕೆಯಲ್ಲಿ ಹಾಡುವುದು, ಆಡಿಯೊ ಬಿಡುಗಡೆ ಮಾಡುವುದು, ವಿಡಿಯೊ ಹಾಕುವುದು. ಮೂರಕ್ಕೂ ಮೂರು ಬೇರೆ ಅನುಮತಿ. ಒಂದಕ್ಕೆ ಸಿಕ್ಕಿದ್ದು ಇನ್ನೊಂದಕ್ಕೆ ನಡೆಯುವುದಿಲ್ಲ.

ವೇದಿಕೆ

ರಸಮಂಜರಿ, ಆರ್ಕೆಸ್ಟ್ರಾ, ಕೆಫೆಯಲ್ಲಿ ಸಂಜೆ ಗಿಟಾರ್ ಹಿಡಿದು ಹಾಡುವುದು, ಎಲ್ಲವೂ ಸಾರ್ವಜನಿಕ ಪ್ರದರ್ಶನವೇ. ಸಾಹಿತ್ಯ ಮತ್ತು ಧಾಟಿಯ ಪ್ರದರ್ಶನ ಹಕ್ಕಿಗೆ ಲೈಸೆನ್ಸ್ ಕೊಡುವುದು ಐಪಿಆರ್‌ಎಸ್, ಅಂದರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ. 1969ರಲ್ಲಿ ಶುರುವಾದ ಸಂಸ್ಥೆ, ಕವಿಗಳು, ಸಂಗೀತ ನಿರ್ದೇಶಕರು, ಆಡಿಯೊ ಕಂಪನಿಗಳು ಇದರ ಸದಸ್ಯರು. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಜಾಗ, ದಿನಾಂಕ, ಎಷ್ಟು ಜನ ಸೇರುತ್ತಾರೆ, ಟಿಕೆಟ್ ಇದೆಯಾ ಎಂಬ ವಿವರ ಸಿದ್ಧ ಇಟ್ಟುಕೊಳ್ಳಿ. ಹಾಡಿದ ಹಾಡುಗಳ ಪಟ್ಟಿಯನ್ನೂ ತಪ್ಪದೆ ಕೊಡಿ, ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು ಅಂತ ಬರೆದು. ಆ ಪಟ್ಟಿ ಹೋಗದಿದ್ದರೆ ನೀವು ಕಟ್ಟಿದ ದುಡ್ಡು ಯಾರ ಹಾಡಿಗೆ ಸಲ್ಲಬೇಕು ಅಂತ ಗೊತ್ತಾಗುವುದಾದರೂ ಹೇಗೆ?

ಲೈಸೆನ್ಸ್ ತೆಗೆದುಕೊಳ್ಳಬೇಕಾದವರು ಸಾಮಾನ್ಯವಾಗಿ ಕಾರ್ಯಕ್ರಮ ನಡೆಸುವವರು, ಇಲ್ಲವೇ ಹೋಟೆಲ್, ಸಭಾಂಗಣದವರು. ಆದರೂ ಹಾಡುವವರು ಒಂದು ಮಾತು ಕೇಳಿಬಿಡಬೇಕು: 'ಸರ್, ಐಪಿಆರ್‌ಎಸ್ ಲೈಸೆನ್ಸ್ ಆಗಿದೆಯಾ?' ಇದನ್ನು ಒಪ್ಪಂದದಲ್ಲೂ ಒಂದು ಸಾಲಾಗಿ ಬರೆಸಿಕೊಳ್ಳಿ. ಹಾಡಿನ ನಡುವೆ ಡಿಜೆ ಮೂಲ ರೆಕಾರ್ಡಿಂಗ್ ಹಾಕುತ್ತಾರೆ ಅಂದರೆ ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಅದನ್ನು ಕೊಡುವವರು ಪಿಪಿಎಲ್‌ನಂಥ ರೆಕಾರ್ಡಿಂಗ್ ಹಕ್ಕಿನ ಸಂಸ್ಥೆಗಳು.

2017ರ ಮಾರ್ಚ್‌ನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅಮೆರಿಕ ಪ್ರವಾಸದಲ್ಲಿದ್ದಾಗ ಇಳಯರಾಜ ಅವರ ಕಡೆಯಿಂದ ನೋಟಿಸ್ ಬಂತು. ತಮ್ಮ ಸಂಗೀತದ ಹಾಡುಗಳನ್ನು ಅನುಮತಿ ಇಲ್ಲದೆ ವೇದಿಕೆಯಲ್ಲಿ ಹಾಡಬಾರದು ಅಂತ. ಎಸ್‌ಪಿಬಿ ಆ ಪ್ರವಾಸದಲ್ಲಿ ಆ ಹಾಡುಗಳನ್ನು ಬಿಟ್ಟು ಬೇರೆ ಹಾಡುವುದಾಗಿ ಹೇಳಿದರು. ಕೇಳುಗರಿಗೆ ನೋವಾಯಿತು, ನನಗೂ ಆಯಿತು. ಆದರೆ ಅದರಿಂದ ಒಂದು ವಿಷಯ ಸ್ಪಷ್ಟವಾಯಿತು: ಮೂಲದಲ್ಲಿ ಹಾಡಿದವರೇ ಆದರೂ ವೇದಿಕೆಯಲ್ಲಿ ಅದನ್ನು ಮತ್ತೆ ಹಾಡುವ ಹಕ್ಕು ತಾನಾಗಿಯೇ ಬರುವುದಿಲ್ಲ.

ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಕೆಲವು ವಿನಾಯಿತಿಗಳಿವೆ. ಶಾಲೆ ಕಾಲೇಜಿನಲ್ಲಿ ವಿದ್ಯಾರ್ಥಿಗಳು, ಮೇಷ್ಟ್ರುಗಳು ಹಾಡಿ, ಕೇಳುವವರೂ ವಿದ್ಯಾರ್ಥಿಗಳು, ಪೋಷಕರು, ಸಂಸ್ಥೆಯವರಷ್ಟೇ ಆಗಿದ್ದರೆ ಅನುಮತಿ ಬೇಡ. ಹೊರಗಿನವರಿಗೆ ಟಿಕೆಟ್ ಮಾರುವ ಕಾಲೇಜ್ ಫೆಸ್ಟ್‌ಗೆ ಇದು ಸಲ್ಲುವುದಿಲ್ಲ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಹಾಡಿದರೆ, ಅಥವಾ ದೇವಸ್ಥಾನದಂಥ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹಾಡಿದರೆ ವಿನಾಯಿತಿ ಇದೆ. ಅಪಾರ್ಟ್‌ಮೆಂಟಿನವರೇ ಸೇರಿ ರಾಜ್ಯೋತ್ಸವಕ್ಕೆ ಹಾಡಿಕೊಂಡರೆ ಈ ದಾರಿ ಹಿಡಿಯಬಹುದು. ದುಡ್ಡು ಕೊಟ್ಟು ಆರ್ಕೆಸ್ಟ್ರಾ ಕರೆಸಿದರೆ ಅದು ಹವ್ಯಾಸಿ ಸಂಘ ಆಗುವುದಿಲ್ಲ, ಅಲ್ವಾ? ನಿಜವಾದ ಧಾರ್ಮಿಕ ಆಚರಣೆಗೆ, ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಅಧಿಕೃತ ಸಮಾರಂಭಕ್ಕೆ, ಮದುವೆ ಮೆರವಣಿಗೆಗೆ, ಮದುವೆಗೆ ಸೇರಿದ ಸಂಭ್ರಮಕ್ಕೆ ಕೂಡ ವಿನಾಯಿತಿ ಇದೆ. ಮದುವೆ ವಿಷಯದಲ್ಲಿ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಒಂದು ಪ್ರಕಟಣೆಯನ್ನೇ ಹೊರಡಿಸಿತು. ಗಣೇಶನ ಪೆಂಡಾಲ್‌ನಲ್ಲಿ ಪೂಜೆ ಮುಗಿದ ಮೇಲೆ ನಡೆಯುವ ಸಿನಿಮಾ ರಸಮಂಜರಿಯನ್ನು ಧಾರ್ಮಿಕ ಆಚರಣೆ ಎಂದು ಧೈರ್ಯವಾಗಿ ಹೇಳುವುದು ಕಷ್ಟ. ಅದಕ್ಕೆ ಲೈಸೆನ್ಸ್ ತೆಗೆದುಕೊಳ್ಳುವುದೇ ಒಳ್ಳೆಯದು.

ಇನ್ನೊಂದು ವಿಷಯ ಗಟ್ಟಿಯಾಗಿ ಹೇಳಬೇಕು. ಈ ವಿನಾಯಿತಿಗಳು ಅಲ್ಲಿ, ಆ ಹೊತ್ತಿಗೆ ಹಾಡುವುದಕ್ಕೆ. ಅದನ್ನೇ ವಿಡಿಯೊ ಮಾಡಿ ಹಾಕುವುದಕ್ಕಾಗಲಿ, ಲೈವ್ ಬಿಡುವುದಕ್ಕಾಗಲಿ ಅಲ್ಲ.

ಆಡಿಯೊ

ಕಾಯ್ದೆಯ 31ಸಿ ಸೆಕ್ಷನ್ ಕವರ್ ಹಾಡಿಗೆಂದೇ 2012ರಲ್ಲಿ ಬಂದಿದ್ದು. ಮಾಲೀಕರು ಒಪ್ಪದಿದ್ದರೂ ಷರತ್ತುಗಳನ್ನು ಪಾಲಿಸಿ, ರಾಯಲ್ಟಿ ಕಟ್ಟಿ ಕವರ್ ರೆಕಾರ್ಡ್ ಮಾಡಬಹುದು ಎನ್ನುತ್ತದೆ. ಕೇಳಲು ಚೆನ್ನಾಗಿದೆ. ಷರತ್ತು ನೋಡಿ: ಹಾಡು ಮೊದಲು ರೆಕಾರ್ಡ್ ಆದ ವರ್ಷ ಮುಗಿದ ಮೇಲೆ 5 ವರ್ಷ ಕಾಯಬೇಕು. 2023ರ ಹಾಡಾದರೆ 2029ರ ಜನವರಿಗೆ ಮೊದಲು ಆಗುವುದಿಲ್ಲ. 15 ದಿನ ಮುಂಚೆ ಮಾಲೀಕರಿಗೂ ಕಾಪಿರೈಟ್ ರಿಜಿಸ್ಟ್ರಾರ್‌ಗೂ ನೋಟಿಸ್ ಕೊಡಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿಯನ್ನು ಮುಂಗಡವಾಗಿ ಕಟ್ಟಬೇಕು. ಆ ಹಾಡಿನ ಕೊನೆಯ ರೆಕಾರ್ಡಿಂಗ್ ಯಾವ ಮಾಧ್ಯಮದಲ್ಲಿತ್ತೋ ಅದೇ ಮಾಧ್ಯಮದಲ್ಲಿ ಇರಬೇಕು, ಆ ಮಾಧ್ಯಮ ಮಾರುಕಟ್ಟೆಯಲ್ಲಿ ಬಳಕೆ ತಪ್ಪಿದ್ದರೆ ಮಾತ್ರ ಬೇರೆಯದಾಗಬಹುದು. ಸಾಹಿತ್ಯ, ಧಾಟಿ ಬದಲಿಸುವಂತಿಲ್ಲ. ಕವರ್ ಮೇಲೆ ಮೂಲ ಗಾಯಕರ ಹೆಸರು, ಚಿತ್ರ ಇರಬಾರದು, ಇದು 31ಸಿ ಪ್ರಕಾರ ಮಾಡಿದ ಕವರ್ ಎಂದು ಬರೆಯಬೇಕು.

ಇದು ಕ್ಯಾಸೆಟ್, ಸಿಡಿ ಕಾಲವನ್ನು ಮನಸ್ಸಿನಲ್ಲಿಟ್ಟು ಬರೆದ ಕಾನೂನು. ಮನೆಯಲ್ಲಿ ಮೈಕ್ ಇಟ್ಟುಕೊಂಡು ಹಾಡುವ ಹುಡುಗಿಗೆ ಇದು ಎಟುಕುವುದಿಲ್ಲ. ವಿಡಿಯೊಗಂತೂ ಇದು ಅನ್ವಯವೇ ಆಗುವುದಿಲ್ಲ. ಅದಕ್ಕೆ ನನ್ನ ಸಲಹೆ: ನೇರವಾಗಿ ಆಡಿಯೊ ಕಂಪನಿಗೆ ಬರೆದು ಲೈಸೆನ್ಸ್ ಕೇಳಿ.

ಸ್ಪಾಟಿಫೈ, ಆಪಲ್ ಮ್ಯೂಸಿಕ್‌ಗೆ ಹಾಡು ತಲುಪಿಸುವ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಕೆಲವರು 'ಕವರ್ ಲೈಸೆನ್ಸ್ ನಾವೇ ಕೊಡಿಸುತ್ತೇವೆ' ಎನ್ನುತ್ತಾರೆ. ಅವರು ಹೇಳುತ್ತಿರುವುದು ಅಮೆರಿಕದ ಕಾನೂನಿನ ಕಡ್ಡಾಯ ಲೈಸೆನ್ಸ್ ಬಗ್ಗೆ. ಭಾರತದ ಕೇಳುಗರಿಗೆ ಅದು ಸಾಲುವುದಿಲ್ಲ.

ವಿಡಿಯೊ

ಹಾಡಿಗೆ ದೃಶ್ಯ ಸೇರಿತು ಅಂದರೆ ಅದಕ್ಕೆ ಸಿಂಕ್ ಅನುಮತಿ ಬೇಕು. ಕೊಡುವವರು ಸಾಹಿತ್ಯ ಮತ್ತು ಧಾಟಿಯ ಮಾಲೀಕರು, ಸಿನಿಮಾ ಹಾಡಾದರೆ ಬಹುತೇಕ ಆಡಿಯೊ ಕಂಪನಿ. ಸಿನಿಮಾದ ತುಣುಕು, ಪೋಸ್ಟರ್ ಬಳಸಿದರೆ ಇನ್ನೊಂದು ಹಕ್ಕು ಮುಟ್ಟಿದಂತೆ. ಥಂಬ್‌ನೇಲ್‌ಗೆ ನಿಮ್ಮದೇ ಫೋಟೊ ಹಾಕಿ.

'30 ಸೆಕೆಂಡ್ ಒಳಗೆ ಇದ್ದರೆ ಏನೂ ಆಗಲ್ಲ' ಎನ್ನುವವರು ಊರಿಗೊಬ್ಬರು ಸಿಗುತ್ತಾರೆ. ಹಾಗಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. 2022ರ ನವೆಂಬರ್‌ನಲ್ಲಿ ಕೆಜಿಎಫ್ 2ರ ಸಂಗೀತ ಬಳಸಿದ ಭಾರತ್ ಜೋಡೊ ಯಾತ್ರೆಯ ವಿಡಿಯೊ ಬಗ್ಗೆ ಎಂಆರ್‌ಟಿ ಮ್ಯೂಸಿಕ್ ಎಂಬ ಆಡಿಯೊ ಕಂಪನಿ ದಾವೆ ಹೂಡಿತು. ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಆದೇಶ ಮಾಡಿತು. ಹೈಕೋರ್ಟ್ ಆ ಆದೇಶ ರದ್ದುಮಾಡಿತು, ಆದರೆ ವಿಡಿಯೊ ತೆಗೆಯಬೇಕು ಎಂಬ ಷರತ್ತಿನ ಮೇಲೆ. ತುಣುಕು ಇದ್ದಿದ್ದು 45 ಸೆಕೆಂಡ್. 'ನಾನು ದುಡ್ಡು ಮಾಡ್ತಿಲ್ಲ' ಎಂಬುದೂ ಅನುಮತಿಗೆ ಬದಲಿ ಅಲ್ಲ. ಹಲವು ಹಾಡು ಬೆಸೆದ ಮ್ಯಾಶಪ್, ಸಾಹಿತ್ಯ ಬದಲಿಸಿ ಮಾಡಿದ ಮದುವೆ ವರ್ಷನ್, ಬೇರೆ ಭಾಷೆಗೆ ತಂದಿದ್ದು ಕವರ್ ಅನ್ನಿಸಿಕೊಳ್ಳುವುದೇ ಇಲ್ಲ. ಅವು ರೂಪಾಂತರ, ಅದಕ್ಕೆ ಬೇರೆಯಾಗಿಯೇ ಕೇಳಬೇಕು.

ಹೆಜ್ಜೆ 4: ಪತ್ರ ಬರೆಯಿರಿ

ಆಡಿಯೊ ಕಂಪನಿಯ ವೆಬ್‌ಸೈಟ್‌ನಲ್ಲಿ ಲೈಸೆನ್ಸಿಂಗ್ ವಿಭಾಗದ ಇಮೇಲ್ ಹುಡುಕಿ. ಬರೆಯುವುದು ಚಿಕ್ಕದಾಗಿರಲಿ, ಅವರು ತಿರುಗಿ ಪ್ರಶ್ನೆ ಕೇಳದ ಹಾಗೆ ಇರಲಿ. ಹೀಗೆ ಬರೆಯಬಹುದು:

'ನಮಸ್ಕಾರ. ನಾನು ಹುಬ್ಬಳ್ಳಿಯ ಹವ್ಯಾಸಿ ಗಾಯಕಿ. ನಿಮ್ಮ ಸಂಸ್ಥೆಯ ಹಕ್ಕಿರುವ ಇಂಥ ಚಿತ್ರದ ಇಂಥ ಹಾಡನ್ನು ನನ್ನ ದನಿಯಲ್ಲಿ, ಹೊಸ ವಾದ್ಯಗಳೊಂದಿಗೆ ರೆಕಾರ್ಡ್ ಮಾಡಿ ನನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ವಿಡಿಯೊ ಆಗಿ ಹಾಕಬೇಕೆಂದಿದ್ದೇನೆ. ಸಾಹಿತ್ಯ ಮತ್ತು ಧಾಟಿಯನ್ನು ಬದಲಿಸುವುದಿಲ್ಲ. ಮೂಲ ರೆಕಾರ್ಡಿಂಗ್ ಆಗಲಿ, ಚಿತ್ರದ ದೃಶ್ಯಗಳಾಗಲಿ ಬಳಸುವುದಿಲ್ಲ. ಸಾಹಿತಿ, ಸಂಗೀತ ನಿರ್ದೇಶಕರು ಮತ್ತು ನಿಮ್ಮ ಸಂಸ್ಥೆಯ ಹೆಸರನ್ನು ವಿವರದಲ್ಲಿ ಹಾಕುತ್ತೇನೆ. ಚಾನೆಲ್‌ನಲ್ಲಿ ಜಾಹೀರಾತು ಬರುತ್ತದೆ. ಇದಕ್ಕೆ ಶುಲ್ಕ ಎಷ್ಟು, ಎಷ್ಟು ವರ್ಷಕ್ಕೆ, ಯಾವ ಯಾವ ಕಡೆ ಹಾಕಬಹುದು, ಜಾಹೀರಾತಿನ ಹಣ ಹೇಗೆ ಹಂಚಿಕೆ ಎಂದು ತಿಳಿಸಿ.'

ಜಾಹೀರಾತಿನ ವಿಷಯ ಮುಚ್ಚಿಡಬೇಡಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಮತ್ತೆ ಬರೆಯಿರಿ. ಉತ್ತರ ಬರಲಿಲ್ಲ ಅಂದರೆ ಒಪ್ಪಿದರು ಅಂತ ಅಲ್ಲ. ಫೋನಿನಲ್ಲಿ 'ಹಾಡಿ ಪರವಾಗಿಲ್ಲ' ಅಂದರೂ, ದಯವಿಟ್ಟು ಮೇಲ್‌ನಲ್ಲಿ ಒಂದು ಸಾಲು ಬರೆದು ಕಳಿಸಿ ಎಂದು ಕೇಳಿ. ಕೆಲವು ಕಂಪನಿಗಳು ಶುಲ್ಕ ಕೇಳದೆ, ಬರುವ ಹಣ ನಮಗೆ ಎಂದು ಒಪ್ಪುತ್ತವೆ. ಹೊಸ ಗಾಯಕರಿಗೆ ಇದು ಒಳ್ಳೆಯ ವ್ಯವಹಾರವೇ ಅನ್ನುತ್ತೇನೆ. ಹಾಡು ಉಳಿಯುತ್ತದೆ, ಜನ ಕೇಳುತ್ತಾರೆ.

ಹೆಜ್ಜೆ 5: ಮೇಲ್ ಬಂದರೆ ಗಾಬರಿ ಬೇಡ

ಯೂಟ್ಯೂಬ್‌ನಿಂದ ಬರುವ ಸಂದೇಶದಲ್ಲಿ ಎರಡು ಬಗೆ. ಕಂಟೆಂಟ್ ಐಡಿ ಕ್ಲೇಮ್ ಅಂದರೆ, ಹಾಡನ್ನು ಗುರುತಿಸಿದ್ದೇವೆ ಅಂತ. ಅದು ಧಾಟಿಯನ್ನೂ ಗುರುತಿಸುತ್ತದೆ, ನೀವೇ ಹಾಡಿದ್ದರೂ ಬರುತ್ತದೆ. ಸಾಮಾನ್ಯವಾಗಿ ವಿಡಿಯೊ ಇರುತ್ತದೆ, ಜಾಹೀರಾತಿನ ಹಣ ಮಾಲೀಕರಿಗೆ ಹೋಗುತ್ತದೆ. ಚಾನೆಲ್‌ಗೆ ಪೆಟ್ಟಿಲ್ಲ. ಕೆಲವು ಸಲ ವಿಡಿಯೊ ಬ್ಲಾಕ್ ಆಗಬಹುದು. ಸ್ಟ್ರೈಕ್ ಬೇರೆ. ಅದು ಮಾಲೀಕರು ಕಾನೂನಿನ ಪ್ರಕಾರ ಕೊಟ್ಟ ದೂರು. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು.

ಯೂಟ್ಯೂಬ್ ಸ್ಟುಡಿಯೊ ತೆರೆದು ವಿಡಿಯೊ ಪಕ್ಕದ 'ಕಾಪಿರೈಟ್' ಎಂಬುದನ್ನು ಒತ್ತಿ. ಯಾರು ಕ್ಲೇಮ್ ಮಾಡಿದ್ದಾರೆ, ಎಷ್ಟನೇ ನಿಮಿಷದಿಂದ ಎಷ್ಟರವರೆಗೆ, ಸಾಹಿತ್ಯ–ಧಾಟಿಗೋ ರೆಕಾರ್ಡಿಂಗ್‌ಗೋ ಎಂದು ಬರುತ್ತದೆ. ನೀವೇ ನುಡಿಸಿ ಹಾಡಿದ್ದಕ್ಕೆ ರೆಕಾರ್ಡಿಂಗ್ ಕ್ಲೇಮ್ ಬಂದಿದ್ದರೆ, ಅಥವಾ ಮುಕ್ತವಾದ ದಾಸರ ಪದಕ್ಕೆ ಹಳೆಯ ಧಾಟಿಯಲ್ಲಿ ಹಾಡಿದ್ದಕ್ಕೆ ಬಂದಿದ್ದರೆ ಡಿಸ್ಪ್ಯೂಟ್, ಅಂದರೆ ಆಕ್ಷೇಪಣೆ, ಹಾಕಿ. ಉತ್ತರ ಕೊಡಲು ಅವರಿಗೆ 30 ದಿನ ಇದೆ. ನಿಮ್ಮ ಬಳಿ ಅನುಮತಿ ಪತ್ರವಿದ್ದರೂ ಡಿಸ್ಪ್ಯೂಟ್‌ಗಿಂತ ಮೊದಲು ಕಂಪನಿಗೇ ಮೇಲ್ ಮಾಡಿ, ಕ್ಲೇಮ್ ಬಿಡಿಸಿಕೊಳ್ಳುವುದು ಬೇಗ ಆಗುತ್ತದೆ. ಕ್ಲೇಮ್ ಸರಿಯಾಗಿದ್ದರೆ ಸುಮ್ನೆ ಜಗಳಕ್ಕೆ ಹೋಗಬೇಡಿ. ಬೇಕೆಂದೇ ಹಕ್ಕು ಉಲ್ಲಂಘಿಸಿದರೆ 63ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ ಇದೆ.

ಹೊರದೇಶದ ಕನ್ನಡ ಕೂಟಗಳಿಗೆ ಒಂದು ಮಾತು. ವೇದಿಕೆ ಲೈಸೆನ್ಸ್ ಅಲ್ಲಿನ ಸಂಸ್ಥೆಯಿಂದ ಬರುತ್ತದೆ. ಬ್ರಿಟನ್ನಿನಲ್ಲಿ ಪಿಆರ್‌ಎಸ್, ಅಮೆರಿಕದಲ್ಲಿ ಆಸ್ಕ್ಯಾಪ್, ಬಿಎಂಐ. ಬಾಡಿಗೆಗೆ ಪಡೆದ ಸಭಾಂಗಣಕ್ಕೆ ಆ ಲೈಸೆನ್ಸ್ ಈಗಾಗಲೇ ಇದೆಯಾ ಎಂದು ಮೊದಲು ಕೇಳಿ.

ಇನ್ನು ನಿಮ್ಮ ಹಕ್ಕು. ಕವರ್ ಆದರೇನು, ನೀವು ಹಾಡಿದ್ದು ನಿಮ್ಮ ಹಾಡುಗಾರಿಕೆ. 38ನೇ ಸೆಕ್ಷನ್ ಪ್ರಕಾರ ಅದರ ಮೇಲೆ ನಿಮಗೆ 50 ವರ್ಷ ಹಕ್ಕಿದೆ. ನಿಮ್ಮನ್ನು ಕೇಳದೆ ಸಂಘಟಕರು ಕಾರ್ಯಕ್ರಮ ರೆಕಾರ್ಡ್ ಮಾಡಿ ತಮ್ಮ ಚಾನೆಲ್‌ಗೆ ಹಾಕುವಂತಿಲ್ಲ. ಒಪ್ಪುವುದಾದರೆ ಎಲ್ಲಿ ಹಾಕುತ್ತಾರೆ, ಎಷ್ಟು ದಿನ, ಬಂದ ಹಣದಲ್ಲಿ ನಿಮಗೂ ಮೇಳದವರಿಗೂ ಎಷ್ಟು ಎಂಬುದನ್ನು ಅಡ್ವಾನ್ಸ್ ತೆಗೆದುಕೊಳ್ಳುವ ದಿನವೇ ಬರೆಸಿಕೊಳ್ಳಿ. ತಬಲಾದವರ, ರಿದಂ ಪ್ಯಾಡ್‌ನವರ ಹೆಸರೂ ಅದರಲ್ಲಿ ಇರಲಿ.